ಜೀತ ಅನ್ನೋ ಮಾತು ಆ ಸಂಜೆ ಬಾಯಿಗೆ ಬರಲಿಲ್ಲ

2024ರ ಅಕ್ಟೋಬರ್, ಒಂದು ಶನಿವಾರ ಸಂಜೆ. ಫ್ರೀಮಾಂಟ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಎಂಟು ಲಕೋಟೆ, ಒಂದು ದೊಡ್ಡ ಪಾತ್ರೆ ತುಂಬ ಒಗ್ಗರಣೆ ಅವಲಕ್ಕಿ, ಫ್ಲಾಸ್ಕ್‌ನಲ್ಲಿ ಕಾಫಿ. ಲಕೋಟೆಯಲ್ಲಿದ್ದದ್ದು ನಮ್ಮ ಬ್ಯಾಲೆಟ್. ಕ್ಯಾಲಿಫೋರ್ನಿಯಾದಲ್ಲಿ ಈಗ ನೋಂದಾಯಿಸಿದ ಪ್ರತಿ ಮತದಾರರಿಗೂ ಬ್ಯಾಲೆಟ್ ಅಂಚೆಯಲ್ಲೇ ಬರುತ್ತದೆ. ಮನೆಯಲ್ಲೇ ಕೂತು ಓದಿ, ತುಂಬಿಸಿ, ಲಕೋಟೆ ಮೇಲೆ ಸಹಿ ಹಾಕಿ ಕಳಿಸಬಹುದು.

ಅಧ್ಯಕ್ಷರು ಯಾರಾಗಬೇಕು ಅನ್ನೋದನ್ನು ನಾವೆಲ್ಲ ಯಾವತ್ತೋ ತೀರ್ಮಾನ ಮಾಡಿ ಆಗಿತ್ತು. ಅದಕ್ಕೆ ಯಾರೂ ಸೇರಿರಲಿಲ್ಲ. ನಾವು ಸೇರಿದ್ದು ಪ್ರಾಪ್‌ಗಳಿಗಾಗಿ. ಪ್ರಾಪೊಸಿಷನ್ ಅಂದರೆ, ಒಂದು ಕಾನೂನನ್ನೋ ಸಂವಿಧಾನದ ತಿದ್ದುಪಡಿಯನ್ನೋ ನೇರವಾಗಿ ಜನರ ಮುಂದಿಟ್ಟು ಎಸ್ ಅಥವಾ ನೋ ಕೇಳೋದು. ಆ ಸಲ ರಾಜ್ಯದ್ದೇ ಹತ್ತು ಇದ್ದವು. ಶಾಲಾ ಕಟ್ಟಡಕ್ಕೆ ಸಾಲ, ಕನಿಷ್ಠ ಕೂಲಿ, ಬಾಡಿಗೆ ನಿಯಂತ್ರಣ, ಕಳ್ಳತನಕ್ಕೆ ಶಿಕ್ಷೆ, ಮದುವೆಯ ಹಕ್ಕು, ಹೀಗೆ. ಊರಿನ, ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಪ್ರಶ್ನೆಗಳು ಬೇರೆ.

ನಾಲ್ಕು ಮನೆಯವರು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಚೀಟಿ ಬರೆದು ಡಬ್ಬಿಗೆ ಹಾಕಿ ಎತ್ತೋದು. ಯಾರಿಗೆ ಯಾವ ನಂಬರ್ ಬಂತೋ ಅವರು ಒಂದು ವಾರ ಅದನ್ನು ಓದಿಕೊಂಡು ಬಂದು ಉಳಿದವರಿಗೆ ಬಿಡಿಸಿ ಹೇಳಬೇಕು. ಇಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆ ಸೇರುತ್ತಾರೆ, ನಮ್ಮದೇನೂ ಹೊಸ ಉಪಾಯ ಅಲ್ಲ. ಎಂಟು ಜನ, ಹತ್ತು ಚೀಟಿ. ನನಗೆ ಎರಡು ಬಂದವು, 6 ಮತ್ತು 34.

ಆ 6ರ ಬಗ್ಗೆಯೇ, ಅಂದರೆ ಜೈಲಿನಲ್ಲಿರುವವರ ಒತ್ತಾಯದ ದುಡಿಮೆಯ ಬಗ್ಗೆಯೇ, ಇದನ್ನು ಬರೆಯಲು ಕೂತಿದ್ದು. ಆದರೆ ಅಲ್ಲಿಗೆ ಹೋಗೋ ಮುಂಚೆ ಸ್ವಲ್ಪ ಸುತ್ತು ಹಾಕಬೇಕು.

ಪ್ರಾಪ್‌ಗಳ ಪದ್ಧತಿ ಕ್ಯಾಲಿಫೋರ್ನಿಯಾಕ್ಕೆ ಬಂದದ್ದು 1911ರಲ್ಲಿ. ಆಗ ಗವರ್ನರ್ ಆಗಿದ್ದವರು ಹೈರಮ್ ಜಾನ್ಸನ್. ಸದರ್ನ್ ಪೆಸಿಫಿಕ್ ಅನ್ನೋ ರೈಲ್ವೆ ಕಂಪನಿ ಇಡೀ ಶಾಸನಸಭೆಯನ್ನು ಜೇಬಿನಲ್ಲಿಟ್ಟುಕೊಂಡಿದೆ ಅನ್ನೋದು ಆ ಕಾಲದ ಜನರ ಸಿಟ್ಟು. ಶಾಸಕರು ಮಾಡದಿದ್ದರೆ ಜನರೇ ಕಾನೂನು ಮಾಡಲಿ ಅಂತ ದಾರಿ ತೆರೆದರು. ಸಾಕಷ್ಟು ಸಹಿ ತಂದರೆ ಪ್ರಶ್ನೆ ಬ್ಯಾಲೆಟ್‌ಗೆ ಏರುತ್ತದೆ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳಲ್ಲಿ ಶೇ. 5ರಷ್ಟು ಸಹಿ ಬೇಕು, ಸಂವಿಧಾನ ತಿದ್ದಬೇಕಾದರೆ ಶೇ. 8. ಅಂದರೆ 2024ರಲ್ಲಿ 5,46,651 ಸಹಿ, ತಿದ್ದುಪಡಿಗೆ 8,74,641. ಇಷ್ಟು ಸಹಿಯನ್ನು ಊರವರು ಸಂಜೆ ಹೊತ್ತು ಮನೆ ಮನೆ ತಿರುಗಿ ತರೋದು ಕಷ್ಟ. ಹಾಗಾಗಿ ಒಂದೊಂದು ಸಹಿಗೆ ಇಷ್ಟು ಅಂತ ದುಡ್ಡು ಕೊಟ್ಟು ಜನರನ್ನು ಇಡುತ್ತಾರೆ. ದಿನಸಿ ಅಂಗಡಿಯ ಬಾಗಿಲಲ್ಲಿ ಮಡಚುವ ಮೇಜು ಹಾಕಿಕೊಂಡು, "ಬಾಡಿಗೆ ಕಡಿಮೆ ಆಗಬೇಕಾ? ಇಲ್ಲೊಂದು ಸಹಿ ಹಾಕಿ" ಅಂತ ಕರೆಯುತ್ತಾರಲ್ಲ, ಅವರೇ. ರೈಲ್ವೆ ಕಂಪನಿಯ ಹಣದಿಂದ ತಪ್ಪಿಸಿಕೊಳ್ಳಲು ಮಾಡಿದ ದಾರಿಯಲ್ಲಿ ಇವತ್ತು ಸುಲಭವಾಗಿ ನಡೆಯಬಲ್ಲವರು ಹಣ ಇರುವವರೇ. ಅದು ನನಗೆ ನಿಜವಾಗಿಯೂ ಬೇಸರದ ವಿಷಯ.

ಪೌರತ್ವ ಬಂದ ಮೇಲೆ ನಾನು ಹಾಕಿದ ಮೊದಲ ಓಟು 2016ರದ್ದು. ಆ ಸಲ 17 ಪ್ರಾಪ್‌ಗಳು. ಅಂಚೆಯಲ್ಲಿ ಬಂದ ಮತದಾರರ ಕೈಪಿಡಿ 224 ಪುಟ. ಪರೀಕ್ಷೆಗೆ ಓದೋ ಹಾಗೆ ಹಳದಿ ಬಣ್ಣದ ಪೆನ್ನು ಹಿಡಿದು ಕೂತೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಸೋತುಹೋದೆ. ಸುಮ್ನೆ ಹೇಳ್ತಿಲ್ಲ, ಅದರ ಹಿಂಭಾಗದಲ್ಲಿರೋ ಕಾನೂನಿನ ಪೂರ್ತಿ ಪಠ್ಯವನ್ನು ಯಾರು ಕೊನೆವರೆಗೂ ಓದುತ್ತಾರೋ ನನಗೆ ಗೊತ್ತಿಲ್ಲ. ಹಾಗಾದರೆ ಕೋಟಿಗಟ್ಟಲೆ ಜನ ಹೇಗೆ ತೀರ್ಮಾನ ಮಾಡುತ್ತಾರೆ?

ಯಾರು ಕೇಳುತ್ತಿದ್ದಾರೆ ಅಂತ ನೋಡುತ್ತಾರೆ. ಬಹಳ ಸಲ ಅಷ್ಟೇ.

ಇದು ಸೋಮಾರಿತನ ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ಆಮೇಲೆ ಆರ್ಥರ್ ಲುಪಿಯಾ ಅನ್ನೋ ರಾಜಕೀಯಶಾಸ್ತ್ರಜ್ಞರ ಒಂದು ಅಧ್ಯಯನದ ಬಗ್ಗೆ ಓದಿದೆ. 1988ರಲ್ಲಿ ಇಲ್ಲಿನ ಬ್ಯಾಲೆಟ್‌ನಲ್ಲಿ ವಿಮೆಯ ಬಗ್ಗೆಯೇ ಐದು ಪ್ರಾಪ್‌ಗಳಿದ್ದವು. ಒಂದು ವಿಮಾ ಕಂಪನಿಗಳದ್ದು, ಇನ್ನೊಂದು ವಕೀಲರದ್ದು, ಮತ್ತೊಂದು ಗ್ರಾಹಕರ ಪರವಾದವರದ್ದು, ಹೀಗೆ ಒಂದನ್ನೊಂದು ಹೊಡೆಯುವ ಐದು ಪ್ರಶ್ನೆಗಳು. ತಲೆ ಕೆಡಲು ಇನ್ನೇನು ಬೇಕು? ಲುಪಿಯಾ ಲಾಸ್ ಏಂಜಲಿಸ್ ಕೌಂಟಿಯಲ್ಲಿ ಓಟು ಹಾಕಿ ಹೊರಬಂದ 339 ಜನರನ್ನು ಕೇಳಿದರು. ವಿವರವೆಲ್ಲ ತಿಳಿದವರು ಒಂದು ರೀತಿ ಓಟು ಹಾಕಿದ್ದರು. ವಿವರ ಏನೂ ಗೊತ್ತಿಲ್ಲ, ಆದರೆ ವಿಮಾ ಕಂಪನಿಗಳು ಯಾವ ಕಡೆ ಇವೆ ಅನ್ನೋದು ಮಾತ್ರ ಗೊತ್ತಿದೆ ಅನ್ನುವವರೂ ಹೆಚ್ಚು ಕಡಿಮೆ ಹಾಗೇ ಹಾಕಿದ್ದರು. ಎರಡೂ ಗೊತ್ತಿಲ್ಲದವರದ್ದು ಬೇರೆಯೇ ದಾರಿ. ಐದರಲ್ಲಿ ಗೆದ್ದದ್ದು ಒಂದೇ, ಪ್ರಾಪ್ 103. ವಿಮಾ ಕಂಪನಿಗಳು ಕೋಟಿಗಟ್ಟಲೆ ಸುರಿದು ವಿರೋಧಿಸಿದ್ದದ್ದು ಅದನ್ನೇ.

ಇದನ್ನು ಓದಿದ ಮೇಲೆ ಸ್ವಲ್ಪ ಸಮಾಧಾನ ಆಯಿತು. ಅಡ್ಡದಾರಿ ಹಿಡಿದರೂ ಎಷ್ಟೋ ಸಲ ಊರು ಸೇರಬಹುದು. ನಮ್ಮ ಗುಂಪಿನಲ್ಲಿ ಕಾರವಾರದವರೊಬ್ಬರಿದ್ದಾರೆ. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕಾ ಬೇಡವಾ ಅಂತ 1967ರ ಜನವರಿ 16ರಂದು ನಡೆದ ಮತದಾನದಲ್ಲಿ ಅವರ ಅಜ್ಜಿಯ ತಂಗಿ ಓಟು ಹಾಕಿದ್ದರಂತೆ. ಸೇರಬೇಕು ಅನ್ನೋದಕ್ಕೆ ಹೂವಿನ ಗುರುತು, ಬೇಡ ಅನ್ನೋದಕ್ಕೆ ಎರಡು ಎಲೆಯ ಗುರುತು. ಓದು ಬರಹ ಇಲ್ಲದವರಿಗೂ ತಾವು ಏನಕ್ಕೆ ಮುದ್ರೆ ಒತ್ತುತ್ತಿದ್ದೇವೆ ಅನ್ನೋದು ಸ್ಪಷ್ಟವಾಗಿ ಗೊತ್ತಿತ್ತು. 1,72,191 ಜನ ಎಲೆಗೆ ಒತ್ತಿದರು, 1,38,170 ಜನ ಹೂವಿಗೆ. ಒಂದೇ ಪ್ರಶ್ನೆ, ಎರಡೇ ಗುರುತು. ನಮ್ಮ ಮೇಜಿನ ಮೇಲಿದ್ದ ಕೈಪಿಡಿ ನೋಡಿದಾಗ ನನಗೆ ಆ ಎಲೆಯೂ ಹೂವೂ ನೆನಪಾಗುತ್ತವೆ.

ಇಲ್ಲಿ ಪ್ರಶ್ನೆಗೆ ಗುರುತಿಲ್ಲ, ಪಕ್ಷದ ಹೆಸರೂ ಇಲ್ಲ. ಇರೋದು ನಾಲ್ಕಾರು ಸಾಲಿನ ತಲೆಬರಹ. ಅದನ್ನು ಬರೆಯೋದು ರಾಜ್ಯದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲರು, ಅವರೂ ಒಂದು ಪಕ್ಷದಿಂದ ಗೆದ್ದು ಬಂದವರೇ. 2018ರಲ್ಲಿ ಪೆಟ್ರೋಲ್ ಮೇಲಿನ ಹೊಸ ತೆರಿಗೆ ತೆಗೆಯಿರಿ ಅಂತ ಒಂದು ಪ್ರಾಪ್ ಬಂತು. ಬ್ಯಾಲೆಟ್‌ನಲ್ಲಿ ಅದರ ತಲೆಬರಹ ಶುರುವಾಗಿದ್ದು ರಸ್ತೆ ದುರಸ್ತಿಯ ಕೆಲವು ಹಣವನ್ನು ಇದು ಇಲ್ಲವಾಗಿಸುತ್ತದೆ ಅಂತ. ಎರಡೂ ಸುಳ್ಳಲ್ಲ. ತೆರಿಗೆ ಹೋದರೆ ರಸ್ತೆಯ ದುಡ್ಡೂ ಹೋಗುತ್ತದೆ. ಆದರೆ ಯಾವುದನ್ನು ಮೊದಲು ಹೇಳುತ್ತೀರಿ ಅನ್ನೋದರಲ್ಲೇ ಅರ್ಧ ಓಟು ಬಿದ್ದಿರುತ್ತದೆ. ಅದು ಸೋತಿತು.

ಇನ್ನೊಂದು ಗೊಂದಲ. ಶಾಸನಸಭೆ ಮಾಡಿದ ಕಾನೂನನ್ನು ತಡೆಯಲು ಯಾರಾದರೂ ಸಹಿ ಸಂಗ್ರಹಿಸಿದರೆ, ಬ್ಯಾಲೆಟ್‌ನಲ್ಲಿ ಎಸ್ ಅಂದರೆ ಕಾನೂನು ಇರಲಿ, ನೋ ಅಂದರೆ ಹೋಗಲಿ. 2020ರಲ್ಲಿ ಜಾಮೀನಿಗೆ ನಗದು ಕಟ್ಟೋ ಪದ್ಧತಿ ತೆಗೆದು ಹಾಕಿದ ಕಾನೂನಿನ ಮೇಲೆ ಹೀಗೆ ಪ್ರಾಪ್ 25 ಬಂದಿತ್ತು. ಕಾನೂನನ್ನು ಬ್ಯಾಲೆಟ್‌ಗೆ ಎಳೆದು ತಂದವರು ಜಾಮೀನು ವ್ಯಾಪಾರದವರು. ಅವರು ನೋ ಹಾಕಿ ಅಂತಿದ್ದರು. ನಗದು ಜಾಮೀನು ಬೇಡ ಅನ್ನುವವರು ಎಸ್ ಹಾಕಬೇಕಿತ್ತು. ಅವತ್ತು ನಮ್ಮ ಮೇಜಿನಲ್ಲಿ ಮೂರು ಸಲ ತಿರುಗಾ ಮುರುಗಾ ಆಯಿತು.

ಗೊಂದಲ ಆದಾಗ ಜನ ನೋ ಅನ್ನುತ್ತಾರೆ. ಇದ್ದ ಹಾಗೇ ಇರಲಿ ಬಿಡು, ಗೊತ್ತಿಲ್ಲದ್ದಕ್ಕೆ ಕೈ ಹಾಕೋದು ಯಾಕೆ ಅಂತ. ಇದು ಮನುಷ್ಯ ಸಹಜ. ನಮ್ಮ ಅಮ್ಮಂದಿರು ಹೊಸ ಮಿಕ್ಸಿ ತೆಗೆದುಕೊಳ್ಳುವಾಗಲೂ ಹೀಗೇ ಅಲ್ವಾ? ಸ್ಯಾನ್ ಡಿಯಾಗೊ ಕೌಂಟಿಯ ಹಲವು ಚುನಾವಣೆಗಳ ಲೆಕ್ಕ ಹಿಡಿದು ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಮಾಡಿದ್ದಾರೆ. ಅದೇ ಪ್ರಶ್ನೆ ಒಂದು ಕೇರಿಯವರ ಬ್ಯಾಲೆಟ್‌ನಲ್ಲಿ ಮೇಲಿರುತ್ತದೆ, ಇನ್ನೊಂದು ಕೇರಿಯವರದರಲ್ಲಿ ಕೆಳಗಿರುತ್ತದೆ. ಕೆಳಗೆ ಹೋದಷ್ಟೂ ಖಾಲಿ ಬಿಡುವವರು ಜಾಸ್ತಿ, ನೋ ಅನ್ನುವವರೂ ಜಾಸ್ತಿ. ದಣಿವೂ ಓಟು ಹಾಕುತ್ತದೆ.

ನೋ ಅನ್ನೋ ಅಭ್ಯಾಸ ಯಾರಿಗೆ ಚೆನ್ನಾಗಿ ಗೊತ್ತು ಅಂದರೆ ಹಣ ಇರುವವರಿಗೆ. ಒಂದು ಪ್ರಾಪ್ ಗೆಲ್ಲಿಸೋದು ಕಷ್ಟ, ಸೋಲಿಸೋದು ಸುಲಭ. ಜನರಲ್ಲಿ ಅನುಮಾನ ಹುಟ್ಟಿಸಿದರೆ ಸಾಕು. ಡಯಾಲಿಸಿಸ್ ಕೇಂದ್ರಗಳ ಮೇಲೆ ನಿಯಮ ತರೋ ಪ್ರಶ್ನೆ 2018, 2020, 2022, ಮೂರು ಸಲ ಬಂತು, ಮೂರೂ ಸಲ ಸೋತಿತು. ಗೆಲ್ಲಿಸಲೂ ಹಣ ಸುರಿದವರಿದ್ದಾರೆ. 2020ರ ಪ್ರಾಪ್ 22 ನೆನಪಿದೆಯಾ? ಊಬರ್, ಲಿಫ್ಟ್, ಡೋರ್‌ಡ್ಯಾಶ್ ಥರದ ಕಂಪನಿಗಳು 20 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿ, ತಮ್ಮ ಡ್ರೈವರ್‌ಗಳು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು ಅಂತ ಜನರಿಂದಲೇ ಹೇಳಿಸಿಕೊಂಡವು. ಶೇ. 58ಕ್ಕೂ ಹೆಚ್ಚು ಜನ ಎಸ್ ಅಂದರು. ನನ್ನ ಗಂಡನೂ ಎಸ್ ಅಂದರು. ಡ್ರೈವರ್‌ಗಳಿಗೆ ಒಳ್ಳೆಯದಾಗಲಿ ಅಂತಲೇ ಅವರು ಹಾಕಿದ್ದು, ಆ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಯಾರು ಕೇಳುತ್ತಿದ್ದಾರೆ ಅಂತ ನೋಡಿದ್ದರು ಕೂಡ. ಜಾಹೀರಾತಿನಲ್ಲಿ ಕೇಳುತ್ತಿದ್ದವರು ಡ್ರೈವರ್‌ಗಳೇ ಆಗಿದ್ದರು.

ನನ್ನ ಇನ್ನೊಂದು ಚೀಟಿ, 34, ಇದೇ ಥರದ್ದು. ಓದಿದರೆ ಎಷ್ಟು ಒಳ್ಳೆಯದು ಅನಿಸುತ್ತದೆ: ಔಷಧಿಯಿಂದ ಬರೋ ಆದಾಯವನ್ನು ಕೆಲವು ಆರೋಗ್ಯ ಸಂಸ್ಥೆಗಳು ರೋಗಿಗಳಿಗೇ ಖರ್ಚು ಮಾಡಬೇಕು. ಯಾರು ಬೇಡ ಅಂತಾರೆ? ಆದರೆ ಷರತ್ತುಗಳನ್ನು ಓದುತ್ತಾ ಹೋದರೆ, ಅಂಥ ಸಂಸ್ಥೆ ಹತ್ತು ವರ್ಷದಲ್ಲಿ 10 ಕೋಟಿ ಡಾಲರ್‌ಗಿಂತ ಹೆಚ್ಚು ಬೇರೆ ಕೆಲಸಕ್ಕೆ ಖರ್ಚು ಮಾಡಿರಬೇಕು, ಬಾಡಿಗೆ ಕಟ್ಟಡಗಳನ್ನೂ ನಡೆಸಿರಬೇಕು, ಅವುಗಳಲ್ಲಿ ಕನಿಷ್ಠ 500 ಗಂಭೀರ ದೋಷಗಳು ದಾಖಲಾಗಿರಬೇಕು. ಇಡೀ ರಾಜ್ಯದಲ್ಲಿ ಈ ಅಳತೆಗೆ ಹೊಂದೋದು ಏಡ್ಸ್ ಹೆಲ್ತ್‌ಕೇರ್ ಫೌಂಡೇಶನ್ ಒಂದೇ ಅಂತ ಎಲ್ಲರೂ ಹೇಳುತ್ತಿದ್ದರು. ಅದೇ ಬ್ಯಾಲೆಟ್‌ನಲ್ಲಿ ಬಾಡಿಗೆ ನಿಯಂತ್ರಣದ ಪ್ರಾಪ್ 33ಕ್ಕೆ ಹಣ ಹಾಕಿದ್ದು ಆ ಸಂಸ್ಥೆ. 34ಕ್ಕೆ ಹಣ ಹಾಕಿದ್ದು ಅಪಾರ್ಟ್‌ಮೆಂಟ್ ಮಾಲೀಕರ ಸಂಘ, ಬಾಡಿಗೆ ನಿಯಂತ್ರಣ ಬೇಡ ಅನ್ನುವವರು. ಇದನ್ನು ಪತ್ತೆ ಮಾಡಲು ನನಗೆ ಮೂರು ಸಂಜೆ ಹಿಡಿಯಿತು. ಮೇಜಿನ ಬಳಿ ಬಹಳ ಉತ್ಸಾಹದಿಂದ ಹೇಳಿದೆ, ಎಲ್ಲರೂ ಕಣ್ಣರಳಿಸಿ ಕೇಳಿದರು. 34 ಕೊನೆಗೆ ಶೇ. 51ರಷ್ಟು ಮತ ಪಡೆದು ಕೂದಲೆಳೆಯಲ್ಲಿ ಗೆದ್ದಿತು. 33 ಸೋತಿತು.

ಮೂರು ಸಂಜೆ 34ಕ್ಕೆ ಹೋಯಿತು. 6ಕ್ಕೆ ಉಳಿದದ್ದು ಇಪ್ಪತ್ತು ನಿಮಿಷ.

ಪ್ರಾಪ್ 6 ಏನು ಅಂತ ಹೇಳುತ್ತೇನೆ. ಕ್ಯಾಲಿಫೋರ್ನಿಯಾ ಸಂವಿಧಾನದಲ್ಲಿ ಗುಲಾಮಗಿರಿಗೆ ನಿಷೇಧ ಇದೆ. ಅದರ ಪಕ್ಕದಲ್ಲೇ ಇನ್ನೊಂದು ವಾಕ್ಯ, ಒತ್ತಾಯದ ದುಡಿಮೆಗೂ ನಿಷೇಧ, ಆದರೆ ಅಪರಾಧಕ್ಕೆ ಶಿಕ್ಷೆಯಾಗಿ ಕೊಡಬಹುದು. ಆ 'ಆದರೆ'ಯನ್ನು ತೆಗೆಯೋದೇ ಪ್ರಾಪ್ 6. ಜೈಲಿನಲ್ಲಿರುವವರು ಕೆಲಸ ಮಾಡಲ್ಲ ಅಂದರೆ ಅದಕ್ಕಾಗಿ ಶಿಕ್ಷಿಸುವಂತಿಲ್ಲ, ಇಷ್ಟಪಟ್ಟು ಮಾಡಿದರೆ ಶಿಕ್ಷೆಯ ಅವಧಿಯಲ್ಲಿ ವಿನಾಯಿತಿ ಕೊಡಬಹುದು. ಜೈಲಿನ ಕೆಲಸಕ್ಕೆ ಸಿಗೋ ಕೂಲಿ ಸಾಮಾನ್ಯವಾಗಿ ಗಂಟೆಗೆ ಒಂದು ಡಾಲರ್‌ಗೂ ಕಡಿಮೆ. ಇದನ್ನು ಯಾರೂ ದುಡ್ಡು ಕೊಟ್ಟು ಸಹಿ ತರಿಸಿ ಏರಿಸಿದ್ದಲ್ಲ, ಶಾಸನಸಭೆಯೇ ಜನರ ಮುಂದಿಟ್ಟದ್ದು. ಕೈಪಿಡಿಯಲ್ಲಿ ಪ್ರತಿ ಪ್ರಾಪ್‌ಗೂ ಪರ ವಾದ, ವಿರೋಧ ವಾದ ಅಂತ ಇರುತ್ತದೆ. ಇದಕ್ಕೆ ವಿರೋಧದ ಜಾಗದಲ್ಲಿ ಯಾವ ವಾದವೂ ಸಲ್ಲಿಕೆಯಾಗಿಲ್ಲ ಅನ್ನೋ ಒಂದೇ ಸಾಲು.

ಅದನ್ನು ನೋಡಿ ನಾನು ನಿರಾಳವಾದೆ. ವಿರೋಧವೇ ಇಲ್ಲ, ತಾನಾಗಿ ಗೆಲ್ಲುತ್ತದೆ, ಓದೋಕೆ ಏನಿದೆ ಅಂದುಕೊಂಡೆ.

ಆ ಸಂಜೆ ನನಗಿಂತ ಮುಂಚೆ ಮಾತಾಡಿದವರು ಪ್ರಾಪ್ 36 ಹಿಡಿದವರು. 950 ಡಾಲರ್‌ಗಿಂತ ಕಡಿಮೆ ಬೆಲೆಯ ಕಳ್ಳತನವನ್ನು ಸಣ್ಣ ಅಪರಾಧ ಅಂತ ಮಾಡಿದ್ದು 2014ರ ಪ್ರಾಪ್ 47, ಅದೂ ಜನರೇ ಗೆಲ್ಲಿಸಿದ್ದು. ಹಿಂದೆ ಎರಡು ಸಲ ಕಳ್ಳತನಕ್ಕೆ ಶಿಕ್ಷೆಯಾದವರು ಮತ್ತೆ ಕದ್ದರೆ ದೊಡ್ಡ ಅಪರಾಧ ಅಂತ ಬಿಗಿ ಮಾಡೋದು ಪ್ರಾಪ್ 36. ಡ್ರಗ್ಸ್ ವಿಷಯವೂ ಅದರಲ್ಲಿತ್ತು. ಹೇಳುತ್ತಿದ್ದವರು ಫೋನ್ ತೆಗೆದು ಒಂದು ವಿಡಿಯೋ ತೋರಿಸಿದರು. ಆ ವರ್ಷ ಜೂನ್‌ನಲ್ಲಿ ಸನ್ನಿವೇಲ್‌ನ ಒಂದು ಭಾರತೀಯ ಚಿನ್ನದಂಗಡಿಗೆ ಸುಮಾರು ಇಪ್ಪತ್ತು ಜನ ಸುತ್ತಿಗೆ ಹಿಡಿದು ನುಗ್ಗಿ ಗಾಜಿನ ಪೆಟ್ಟಿಗೆಗಳನ್ನು ಪುಡಿ ಮಾಡಿದ ವಿಡಿಯೋ. ನಾವೆಲ್ಲ ನೂರು ಸಲ ನೋಡಿದ್ದೆವು. ಮತ್ತೆ ನೋಡಿದೆವು. ಅಂಥ ದರೋಡೆಗೆ ಹಳೇ ಕಾನೂನಿನಲ್ಲೂ ದೊಡ್ಡ ಶಿಕ್ಷೆ ಇತ್ತು, ಪ್ರಾಪ್ 36 ಮುಖ್ಯವಾಗಿ ಇದ್ದದ್ದು ಅದರ ಬಗ್ಗೆ ಅಲ್ಲ. ಆದರೆ ಅದನ್ನು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಒಬ್ಬರು ತಮ್ಮ ಕಾರಿನ ಗಾಜು ಒಡೆದದ್ದು ಹೇಳಿದರು, ಇನ್ನೊಬ್ಬರು ಔಷಧಿ ಅಂಗಡಿಯಲ್ಲಿ ಶಾಂಪೂಗೂ ಬೀಗ ಹಾಕಿರೋದು ಹೇಳಿದರು. ಕೋಣೆ ಬಿಸಿಯಾಗಿತ್ತು.

ಅದರ ಮೇಲೆ ನಾನು ಎದ್ದು ಓದಿದೆ. ಇಂಗ್ಲಿಷಿನಲ್ಲಿ, ಬ್ಯಾಲೆಟ್‌ನಲ್ಲಿದ್ದ ಹಾಗೇ. ಸೆರೆವಾಸದಲ್ಲಿರುವ ವ್ಯಕ್ತಿಗಳಿಗೆ 'ಇನ್‌ವಾಲಂಟರಿ ಸರ್ವಿಟ್ಯೂಡ್' ಅನುಮತಿಸುವ ಸಂವಿಧಾನದ ಅವಕಾಶವನ್ನು ತೆಗೆದುಹಾಕುತ್ತದೆ, ಅಂತ.

"ಹಂಗಂದ್ರೇನು?" ಅಂದಳು ದಾವಣಗೆರೆಯ ಗೆಳತಿ.

"ಜೈಲಲ್ಲಿ ಇರೋರಿಗೆ ಕಡ್ಡಾಯ ಕೆಲಸ ಬೇಡ ಅಂತ."

"ಅಯ್ಯೋ, ನಾವ್ ಮಾಡಲ್ವೇನೇ ಕೆಲಸ? ಅವರೂ ಮಾಡ್ಲಿ ಬಿಡು."

ಎಲ್ಲರೂ ತಲೆಯಾಡಿಸಿದರು. ಮುಂದಿನ ಚೀಟಿ. ಮೂರು ನಿಮಿಷ ಕೂಡ ಆಗಿರಲಿಲ್ಲ.

ನಾನು ಎಸ್ ಹಾಕಿದೆ. ಉಳಿದ ಏಳರಲ್ಲಿ ಐದು ಜನ ನೋ ಹಾಕಿದರು ಅಂತ ಆಮೇಲೆ ತಿಳಿಯಿತು. ರಾಜ್ಯದಲ್ಲೂ ಹಾಗೇ ಆಯಿತು. ಪ್ರಾಪ್ 6ಕ್ಕೆ ಶೇ. 53ರಷ್ಟು ನೋ. ಪ್ರಾಪ್ 36ಕ್ಕೆ ಶೇ. 68ರಷ್ಟು ಎಸ್. ಯಾವ ಹಣವೂ ಜೋರಾಗಿ ವಿರೋಧಿಸದ, ಯಾರೂ ಎದುರು ವಾದ ಬರೆಯದ ಪ್ರಶ್ನೆ, ಅಮೆರಿಕದಲ್ಲೇ ಉದಾರವಾದಿ ಅಂತ ಹೆಸರಾದ ರಾಜ್ಯದಲ್ಲಿ ಸೋತಿತು.

ಅದೇ ದಿನ ಪಕ್ಕದ ನೆವಾಡಾದಲ್ಲಿ ಇದೇ ವಿಷಯ ಬ್ಯಾಲೆಟ್‌ನಲ್ಲಿತ್ತು. ಅಲ್ಲಿ ಶೇ. 60ರಷ್ಟು ಜನ ಎಸ್ ಅಂದರು. ನೆವಾಡಾದ ಪ್ರಶ್ನೆಯಲ್ಲಿ ಒಂದು ಪದ ಜಾಸ್ತಿ ಇತ್ತು, ಗುಲಾಮಗಿರಿ. ನಮ್ಮ ಬ್ಯಾಲೆಟ್‌ನ ತಲೆಬರಹದಲ್ಲಿ ಆ ಪದ ಇರಲಿಲ್ಲ. ಯಾಕೆಂದರೆ ನಮ್ಮ ಸಂವಿಧಾನದಲ್ಲಿ ಗುಲಾಮಗಿರಿಗೆ ಮೊದಲೇ ನಿಷೇಧ ಇದೆ, ತೆಗೆಯಬೇಕಾದದ್ದು ಎರಡನೇ ವಾಕ್ಯದ ತುಂಡು ಮಾತ್ರ. ಕಾನೂನಿನ ದೃಷ್ಟಿಯಿಂದ ಸರಿ. ಆದರೆ ಜನ ಕೇಳಿಸಿಕೊಂಡದ್ದು ಬೇರೆ. ಕೊಲರಾಡೊದಲ್ಲೂ ಹಿಂದೆ ಹೀಗೇ ಆಗಿತ್ತು. 2016ರಲ್ಲಿ ಅರ್ಥವಾಗದ ಹಾಗೆ ಬರೆದ ಪ್ರಶ್ನೆ ಸ್ವಲ್ಪದರಲ್ಲಿ ಸೋತಿತು, 2018ರಲ್ಲಿ ಬಿಡಿಸಿ ಬರೆದು ತಂದಾಗ ಮೂರರಲ್ಲಿ ಎರಡು ಪಾಲು ಜನ ಒಪ್ಪಿದರು. ಎರಡು ವರ್ಷದಲ್ಲಿ ಕೊಲರಾಡೊದ ಜನರ ಮನಸ್ಸು ಅಷ್ಟು ಬದಲಾಯಿತು ಅಂತ ನಾನು ನಂಬಲ್ಲ. ಬದಲಾದದ್ದು ಮಾತು.

ಫಲಿತಾಂಶ ಬಂದ ವಾರ ನಿದ್ದೆ ಸರಿಯಾಗಿ ಬರಲಿಲ್ಲ. ನನ್ನ ಒಂದು ಮೇಜಿನಿಂದ ರಾಜ್ಯದ ಫಲಿತಾಂಶ ಬದಲಾಗುತ್ತಿರಲಿಲ್ಲ, ಗೊತ್ತು. ಆದರೆ ಏಳು ಜನ ನನ್ನನ್ನು ನಂಬಿ ಕೂತಿದ್ದರು. ಅವರಿಗೆ ಅಡ್ಡದಾರಿ ಬೇಕಿತ್ತು, ಆ ಅಡ್ಡದಾರಿ ನಾನೇ ಆಗಿದ್ದೆ. ಬಟ್ಟೆ ಮಡಚುತ್ತಾ ಕೂತಿದ್ದಾಗ ಒಂದು ದಿನ ಥಟ್ಟನೆ ಹೊಳೆಯಿತು. ಇನ್‌ವಾಲಂಟರಿ ಸರ್ವಿಟ್ಯೂಡ್‌ಗೆ ಕನ್ನಡದಲ್ಲಿ ಪದ ಇದೆಯಲ್ಲ! ಬಿಟ್ಟಿ ಚಾಕರಿ. ಜೀತ.

ಜೀತ ಅಂದರೆ ನಮ್ಮಲ್ಲಿ ಯಾರಿಗೆ ಬಿಡಿಸಿ ಹೇಳಬೇಕು? 1976ರಲ್ಲಿ ಅದನ್ನು ರದ್ದು ಮಾಡುವ ಕಾಯ್ದೆಯೇ ಬಂತು. ಭಾರತದ ಸಂವಿಧಾನದ 23ನೇ ವಿಧಿ ಬೇಗಾರ್ (ಬಿಟ್ಟಿ ದುಡಿಮೆ) ಅನ್ನೋ ಪದವನ್ನೇ ಹೆಸರಿಟ್ಟು ನಿಷೇಧಿಸುತ್ತದೆ. ನನ್ನ ಅಜ್ಜನ ಊರಿನಲ್ಲಿ ಜೀತಕ್ಕಿದ್ದವರ ಮಕ್ಕಳನ್ನು ನಾನು ನೋಡಿದ್ದೇನೆ. ದನದ ಕೊಟ್ಟಿಗೆಯ ಪಕ್ಕ ಕೂತು, ಅಂಗೈ ಒಡ್ಡಿ, ಮೇಲಿಂದ ಹೊಯ್ಯುವ ಮಜ್ಜಿಗೆ ಕುಡಿಯುತ್ತಿದ್ದ ಒಬ್ಬ ಹುಡುಗ ನನ್ನದೇ ವಯಸ್ಸಿನವನು. ಆ ಪದವನ್ನು ನಾನು ಕೋಣೆಯಲ್ಲಿ ಹೇಳಿದ್ದರೆ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಇಂಗ್ಲಿಷ್ ಪದ ನಮ್ಮ ಕಿವಿಗೆ ಬಿತ್ತು, ಒಳಗೆ ಎಲ್ಲಿಗೂ ಹೋಗಲಿಲ್ಲ.

ಇದನ್ನು ಗಂಡನಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಜೀತ ಅಂದ್ರೆ ಅಪ್ಪನ ಸಾಲಕ್ಕೆ ಮಗ ದುಡಿಯೋದು. ಆ ಹುಡುಗ ಏನ್ ತಪ್ಪು ಮಾಡಿದ್ದ? ಜೈಲಲ್ಲಿರೋರು ತಪ್ಪು ಮಾಡಿ ಹೋದೋರು. ನೀನು ಆ ಪದ ಹಾಕಿದ್ರೆ ಅದೂ ಜನರನ್ನ ಒಂದು ಕಡೆ ತಳ್ಳಿದ ಹಾಗೇ" ಅಂದರು. ನಾವು ಎರಡು ದಿನ ಇದನ್ನೇ ವಾದ ಮಾಡಿದೆವು. ಅವರ ಮಾತಿನಲ್ಲಿ ನಿಜ ಇದೆ. ನನಗೆ ಅದಕ್ಕೆ ಸಾಕ್ಷಿಯೂ ಗೊತ್ತು, ಪ್ರಾಪ್ 16.

2020ರಲ್ಲಿ ಬಂದದ್ದು ಅದು. ಸರ್ಕಾರಿ ಕೆಲಸ, ವಿಶ್ವವಿದ್ಯಾಲಯದ ಪ್ರವೇಶ ಇಲ್ಲೆಲ್ಲ ಜನಾಂಗ ಮತ್ತು ಲಿಂಗವನ್ನು ಗಣನೆಗೆ ತೆಗೆದುಕೊಳ್ಳಬಾರದು ಅಂತ 1996ರ ಪ್ರಾಪ್ 209 ಹೇಳಿತ್ತು. ಅದನ್ನು ತೆಗೆಯೋದು ಪ್ರಾಪ್ 16. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ದಿನದಲ್ಲಿ ಅದಕ್ಕೆ ಕನ್ನಡ ಸಿಕ್ಕಿಬಿಟ್ಟಿತು, ಮೀಸಲಾತಿ. ಸಿಇಟಿ ರ‍್ಯಾಂಕು, ಸೀಟು, ಮೆರಿಟ್ಟು, ಮೂವತ್ತು ವರ್ಷದ ಹಿಂದಿನ ಮಾತೆಲ್ಲ ಎದ್ದು ಬಂತು. ಮೀಸಲಾತಿಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಇಲ್ಲಿ ಕೇಳುತ್ತಿದ್ದ ಪ್ರಶ್ನೆ ಅದಾಗಿರಲಿಲ್ಲ. ಇಷ್ಟು ಸೀಟು ಇವರಿಗೆ ಅಂತ ಎತ್ತಿಡೋದನ್ನು ಇಲ್ಲಿನ ಸುಪ್ರೀಂ ಕೋರ್ಟ್ 1978ರ ಬಕೀ ಪ್ರಕರಣದಲ್ಲೇ ತಡೆದಿತ್ತು. ಆ ಪ್ರಕರಣ ಶುರುವಾಗಿದ್ದೂ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲೇ. ಪ್ರಾಪ್ 16 ಗೆದ್ದಿದ್ದರೂ ಕೋಟಾ ಬರುತ್ತಿರಲಿಲ್ಲ. ಆದರೆ ನಮ್ಮಲ್ಲಿ ಎಷ್ಟೋ ಜನ, ಪರವಾಗಿ ಹಾಕಿದವರೂ ವಿರೋಧವಾಗಿ ಹಾಕಿದವರೂ, ಇಲ್ಲಿನ ಬ್ಯಾಲೆಟ್ ಮೇಲೆ ಬೆಂಗಳೂರಿನ ಜಗಳಕ್ಕೆ ಓಟು ಹಾಕಿದರು. ಅದು ಶೇ. 57ರಷ್ಟು ನೋದಿಂದ ಸೋತಿತು.

ಹಾಗಾದರೆ ತಾಯಿನುಡಿಯ ಪದ ಒಂದು ಸಲ ಕಣ್ಣು ತೆರೆಸುತ್ತದೆ, ಇನ್ನೊಂದು ಸಲ ಕಟ್ಟುತ್ತದೆ. ಇದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ. ಆದರೂ ಆ ಸಂಜೆ ನಾನು ಜೀತ ಅಂತ ಹೇಳಬೇಕಿತ್ತು ಅಂತಲೇ ಇವತ್ತಿಗೂ ಅನಿಸುತ್ತದೆ. ಹೇಳಿ, ಗಂಡ ಹೇಳಿದ ವ್ಯತ್ಯಾಸವನ್ನೂ ಹೇಳಬೇಕಿತ್ತು. ಆಗ ಐದು ಜನ ನೋ ಹಾಕಿದ್ದರೂ ನನಗೆ ಬೇಸರ ಇರುತ್ತಿರಲಿಲ್ಲ. ಅವರು ಬೇಡ ಅಂದಿದ್ದು ಕೇಳಿದ ಪ್ರಶ್ನೆಗೆ ಆಗಿರುತ್ತಿತ್ತು. ಅವತ್ತು ಅವರು ಉತ್ತರ ಕೊಟ್ಟಿದ್ದು ಚಿನ್ನದಂಗಡಿಯ ವಿಡಿಯೋಗೆ.

2025ರ ಜನವರಿಯಲ್ಲಿ ಲಾಸ್ ಏಂಜಲಿಸ್ ಹೊತ್ತಿ ಉರಿಯಿತು. ದಾವಣಗೆರೆ ಗೆಳತಿ ರಾತ್ರಿ ಹತ್ತಕ್ಕೆ ಫೋನ್ ಮಾಡಿದಳು. ಅವಳ ತಂಗಿ ಪಸಡೀನಾ ಕಡೆ ಇರೋದು, ಮನೆ ಬಿಟ್ಟು ಹೊರಟಿದ್ದಳು. ಟಿವಿಯಲ್ಲಿ ಕಿತ್ತಳೆ ಬಣ್ಣದ ಬಟ್ಟೆ ಹಾಕಿದವರು ಗುಡ್ಡದಲ್ಲಿ ಸಾಲಾಗಿ ಪೊದೆ ಕಡಿಯುತ್ತಿದ್ದರು. ಸುಮಾರು ಸಾವಿರ ಜನ ಕೈದಿಗಳು ಬೆಂಕಿಯ ಕೆಲಸಕ್ಕೆ ಇಳಿದಿದ್ದರು.

"ಇವರಿಗೆ ಎಷ್ಟು ಕೊಡ್ತಾರೇ?" ಅಂದಳು.

"ದಿನಕ್ಕೆ 5 ಡಾಲರ್ 80 ಸೆಂಟ್‌ನಿಂದ 10 ಡಾಲರ್ 24 ಸೆಂಟ್. ಬೆಂಕಿ ಇದ್ದಾಗ ಗಂಟೆಗೆ ಒಂದು ಡಾಲರ್ ಜಾಸ್ತಿ."

"ದಿನಕ್ಕಾ, ಗಂಟೆಗಾ?"

"ದಿನಕ್ಕೆ."

ಅವಳು ಮಾತಾಡಲಿಲ್ಲ. ನಾನು ಅವಳಿಗೆ ಪೂರ್ತಿ ಹೇಳಿದೆ. ಬೆಂಕಿ ಕೆಲಸಕ್ಕೆ ಇವರು ತಾವಾಗಿ ಒಪ್ಪಿ ಬರೋದು, ಪ್ರಾಪ್ 6 ಇದ್ದದ್ದು ಒಲ್ಲೆ ಅಂದರೂ ಮಾಡಿಸೋದರ ಬಗ್ಗೆ, ಎರಡನ್ನೂ ಸೇರಿಸಬೇಡ ಅಂತ. ಜೀತದ ಮಾತನ್ನೂ ಹೇಳಿದೆ.

"ಇದನ್ನೆಲ್ಲಾ ಅವತ್ತೇ ಯಾಕೆ ಹೇಳ್ಲಿಲ್ಲ ನೀನು?" ಅಂದಳು. ಸಿಟ್ಟು ಇರಲಿಲ್ಲ, ಕೇಳಿದಳು ಅಷ್ಟೇ.

2025ರ ನವೆಂಬರ್ ಚುನಾವಣೆಗೆ ಮತ್ತೆ ಬ್ಯಾಲೆಟ್ ಬಂತು. ರಾಜ್ಯದ್ದು ಒಂದೇ ಪ್ರಶ್ನೆ, ಪ್ರಾಪ್ 50. ಟೆಕ್ಸಸ್ ತನ್ನ ಕ್ಷೇತ್ರಗಳ ಗೆರೆಯನ್ನು ದಶಕದ ನಡುವೆಯೇ ಬದಲಿಸಿತ್ತು. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾದ 52 ಸಂಸತ್ ಕ್ಷೇತ್ರಗಳ ಗೆರೆಯನ್ನೂ ಶಾಸನಸಭೆ ಎಳೆದ ಹಾಗೆ 2030ರವರೆಗೆ ಬಳಸಬಹುದಾ ಅಂತ. ಸ್ವತಂತ್ರ ಆಯೋಗ ಗೆರೆ ಎಳೆಯಲಿ ಅಂತ 2008 ಮತ್ತು 2010ರಲ್ಲಿ ಹೇಳಿದ್ದೂ ಇದೇ ಮತದಾರರು. ಈ ಸಲ ಚೀಟಿ ಎತ್ತಲಿಲ್ಲ. ನಾನೇ ಎರಡು ನಿಯಮ ಕೇಳಿದೆ. ಒಬ್ಬರು ಪರವಾಗಿ, ಒಬ್ಬರು ವಿರೋಧವಾಗಿ ಹೇಳಬೇಕು. ಮೊದಲು ಕೈಪಿಡಿಯ ಇಂಗ್ಲಿಷ್ ಮುಟ್ಟದೆ ಕನ್ನಡದಲ್ಲಿ ಹೇಳಬೇಕು.

ಕಾರವಾರದವರು ಎದ್ದು, "ಕ್ಷೇತ್ರ ಮರುವಿಂಗಡಣೆ" ಅಂದರು. ಅಷ್ಟು ಅನ್ನೋದೇ ತಡ, ಅರ್ಧ ಮೇಜು ದಿಲ್ಲಿಗೆ ಹೋಯಿತು. ದಕ್ಷಿಣದ ರಾಜ್ಯಗಳಿಗೆ ಅನ್ಯಾಯ, ಜನಸಂಖ್ಯೆ, ಲೋಕಸಭೆಯ ಸೀಟು, ಆ ವರ್ಷ ಊರಿನ ಪತ್ರಿಕೆಗಳಲ್ಲಿ ಬಂದದ್ದೆಲ್ಲ. ನಾನು ಕೈ ಎತ್ತಿ ತಡೆದೆ. ಇಲ್ಲಿ ಸೀಟು ಕಡಿಮೆ ಆಗಲ್ಲ, 52 ಇದ್ದದ್ದು 52ಏ, ಒಳಗಿನ ಗೆರೆ ಮಾತ್ರ ಅಂದೆ. ದಾವಣಗೆರೆ ಗೆಳತಿ ಮಕ್ಕಳ ಕೋಣೆಯಿಂದ ಒಂದು ಬಿಳಿ ಹಾಳೆ ತಂದು, ಡೆಮಾಕ್ರಟ್‌ಗಳಿಗೆ ನೀಲಿ, ರಿಪಬ್ಲಿಕನ್ನರಿಗೆ ಕೆಂಪು ಚುಕ್ಕೆ ಇಟ್ಟು, ಅದೇ ಚುಕ್ಕೆಗಳ ಸುತ್ತ ಎರಡು ಥರ ಗೆರೆ ಎಳೆದು ತೋರಿಸಿದಳು. ಒಂದು ಥರ ಎಳೆದರೆ ಕೆಂಪಿಗೆ ಎರಡು ಕ್ಷೇತ್ರ, ಇನ್ನೊಂದು ಥರಕ್ಕೆ ಒಂದೂ ಇಲ್ಲ. ನನ್ನ ಗಂಡ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಮೂರನೇ ಥರ ಎಳೆಯಲು ಶುರು ಮಾಡಿದರು.

ಒಂದೇ ಪ್ರಶ್ನೆಗೆ ಒಂದೂವರೆ ಗಂಟೆ ಹಿಡಿಯಿತು. ಎಲ್ಲರೂ ಎದ್ದಾಗ ಇಬ್ಬರ ಬ್ಯಾಲೆಟ್ ಇನ್ನೂ ಖಾಲಿ ಇತ್ತು. ಮನೆಗೆ ಹೋಗಿ ಇನ್ನೊಂದು ಸಲ ಓದಿ ತುಂಬಿಸುತ್ತೇವೆ ಅಂತ ಲಕೋಟೆಯನ್ನು ಹಾಗೇ ತೆಗೆದುಕೊಂಡು ಹೋದರು.